ರಾಕೆಟ್‌ನ ನೋಸ್ ಕೋನ್ (ಮೂತಿ) ಎರಡು ಬೆರಳು ಸರಿದು ನಿಂತುಬಿಡುತ್ತೆ, ದೊಡ್ಡ ಗ್ಯಾಸ್ ಕಾರ್ಟ್ರಿಡ್ಜ್ ಹಾಕಬೇಕಾ?

ಕ್ಯಾತ್ಸಂದ್ರ_ಮೆಕ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮ ಟೀಮ್ ಒಂದು ಕಿಲೋಮೀಟರ್ ಎತ್ತರಕ್ಕೆ ಹೋಗುವ ರಾಕೆಟ್ ಕಟ್ಟುತ್ತಿದೆ. ಮೋಟಾರ್ ಚಿಂತೆ ನಮಗಿಲ್ಲ, ಸ್ಪರ್ಧೆ ನಡೆಸುವವರೇ ಉಡಾವಣೆ ಜಾಗದಲ್ಲಿ ಕೊಡುತ್ತಾರೆ. ನಮ್ಮ ತಲೆನೋವೆಲ್ಲ ಪ್ಯಾರಾಶೂಟ್ ಹೊರಗೆ ಹಾಕುವುದು.

ಸೀನಿಯರ್‌ಗಳು ಬಿಟ್ಟುಹೋದ ನೋಟ್ಸ್‌ನಲ್ಲಿ ಅದಕ್ಕೆ ಬ್ಲ್ಯಾಕ್ ಪೌಡರ್ (ಕರಿಮದ್ದು) ಲೆಕ್ಕ ಇತ್ತು. ನಮ್ಮ ಗೈಡ್ ಮೇಡಂ ಆ ಪುಟ ನೋಡಿದ ಕೂಡಲೇ ಫೈಲ್ ಮುಚ್ಚಿದರು. ಹಾಗಾಗಿ ಕಾರ್ಬನ್ ಡೈಆಕ್ಸೈಡ್ ದಾರಿ ಹಿಡಿದೆವು. ಸೋಡಾ ಸೈಫನ್‌ಗೆ ಹಾಕುವ 8 ಗ್ರಾಂ ಕಾರ್ಟ್ರಿಡ್ಜ್ ಇರುತ್ತಲ್ಲ, ಅದೇ. ಸರ್ವೊ (ಹೇಳಿದಷ್ಟು ತಿರುಗುವ ಪುಟ್ಟ ಮೋಟಾರ್) ಒಂದು ಕೊಕ್ಕೆ ಬಿಡಿಸುತ್ತೆ, ಸ್ಪ್ರಿಂಗ್ ಬಂದು ಚೂಪು ಪಿನ್ನನ್ನು ಕಾರ್ಟ್ರಿಡ್ಜ್ ಬಾಯಿಗೆ ಹೊಡೆಯುತ್ತೆ, ಗ್ಯಾಸ್ ಪ್ಯಾರಾಶೂಟ್ ಕೋಣೆಗೆ ನುಗ್ಗುತ್ತೆ.

ಅಳತೆಗಳು: ಫೈಬರ್‌ಗ್ಲಾಸ್ ಟ್ಯೂಬ್, ಒಳ ವ್ಯಾಸ 98 ಮಿ.ಮೀ. ಪ್ಯಾರಾಶೂಟ್ ಕೋಣೆ 42 ಸೆಂ.ಮೀ. ಉದ್ದ. ನೋಸ್ ಕೋನ್ ತ್ರೀಡಿ ಪ್ರಿಂಟ್ ಮಾಡಿದ್ದು, 450 ಗ್ರಾಂ, ಟ್ಯೂಬ್ ಒಳಗೆ ಕೂರುವ ಭಾಗ 10 ಸೆಂ.ಮೀ. ಅದನ್ನು ಹಿಡಿದಿಡೋಕೆ ಮೂರು ನೈಲಾನ್ ಎಂ2 (2 ಮಿ.ಮೀ. ದಪ್ಪದ) ಸ್ಕ್ರೂ. ಗ್ಯಾಸ್ ಒತ್ತಿದಾಗ ಇವು ಕತ್ತರಿಸಿ ಹೋಗಬೇಕು.

ಖಾಲಿ ಟ್ಯೂಬ್‌ನಲ್ಲಿ, ಸ್ಕ್ರೂ ಇಲ್ಲದೆ ಟೆಸ್ಟ್ ಮಾಡಿದಾಗ ಠಪ್ ಅಂತ ನೋಸ್ ಕೋನ್ ಹಾರಿತು. ಎಲ್ಲರೂ ಚಪ್ಪಾಳೆ ಹೊಡೆದರು. ಪ್ಯಾರಾಶೂಟ್, ಹಗ್ಗ ಎಲ್ಲ ತುಂಬಿ, ಸ್ಕ್ರೂ ಹಾಕಿ ಮಾಡಿದರೆ ಬುಸ್ ಅಂತ ಸದ್ದು ಬರುತ್ತೆ, ನೋಸ್ ಕೋನ್ ಎರಡು ಬೆರಳಷ್ಟು ಸರಿದು ನಿಂತುಬಿಡುತ್ತೆ. ಒಂದು ಸ್ಕ್ರೂ ಮುರಿದಿರುತ್ತೆ, ಇನ್ನೆರಡು ಬಾಗಿರುತ್ತವೆ ಅಷ್ಟೇ. 12 ಅಥವಾ 16 ಗ್ರಾಂ ಕಾರ್ಟ್ರಿಡ್ಜ್‌ಗೆ ಹೋಗೋಣ ಅಂತ ಟೀಮ್‌ನಲ್ಲಿ ಎಲ್ಲರ ಮಾತು. ಅದಕ್ಕೆ ಹೋಲ್ಡರ್ ಹೊಸದಾಗಿ ಮಾಡಿಸಬೇಕು. ಅನುಭವ ಇರುವವರು ಹೇಳಿ, ಅದು ಸರಿನಾ?

ನಂದಿತಪ್ಪಲು:

16 ಗ್ರಾಂ ಹಾಕಿ ಮುಗಿಸಿ. ಇಷ್ಟು ಯೋಚನೆ ಯಾಕೆ? ಅದೂ ಆಗದಿದ್ದರೆ ಎರಡು ಪಟಾಕಿ ಬಿಚ್ಚಿ ಮದ್ದು ತೆಗೆದುಕೊಂಡರೆ ಆಯ್ತು, ಬರೀ ಒಂದು ಚಮಚ ಸಾಕು 😄

ಅಂತರಸನಹಳ್ಳಿ_ಲೇತ್:

ಮೇಲಿನವರ ಮಾತು ಬಿಡಿ. ನಾನು ರಾಕೆಟ್ ಮಾಡಿದವನಲ್ಲ, ಲೇತ್ ಕೆಲಸದವನು. ಆದರೆ ನಿಮ್ಮ ಪಿನ್ ಬಗ್ಗೆ ಒಂದು ಅನುಮಾನ ಇದೆ.

ಪಿನ್ ಕಾರ್ಟ್ರಿಡ್ಜ್ ಬಾಯಿಗೆ ಹೊಡೆದ ಮೇಲೆ ಎಲ್ಲಿ ನಿಲ್ಲುತ್ತೆ? ಸ್ಪ್ರಿಂಗ್ ಹಿಂದಿನಿಂದ ಒತ್ತುತ್ತಲೇ ಇದ್ದರೆ ಪಿನ್ ತಾನು ಮಾಡಿದ ತೂತಿನಲ್ಲೇ ಸಿಕ್ಕಿಕೊಂಡು ಕೂರುತ್ತೆ. ಅಂದರೆ ಬಾಟಲಿಗೆ ಬಿರಡೆ ಹಾಕಿದ ಹಾಗೆ. ಗ್ಯಾಸ್ ಸುತ್ತಲಿನ ಸಂದಿಯಲ್ಲಿ ಸೋರಿಕೊಂಡು ಬರುತ್ತೆ, ನುಗ್ಗಿ ಬರಲ್ಲ. ಪಿನ್ನಿನ ಒಂದು ಪಕ್ಕ ಚಪ್ಪಟೆಯಾಗಿ ಗ್ರೈಂಡ್ ಮಾಡಿಸಿ, ಇಲ್ಲವೇ ಒಳಗೆ ತೂತು ಇರುವ ಪಿನ್ ಮಾಡಿಸಿ. ಮೃದು ಕಬ್ಬಿಣ ಬೇಡ, ತುದಿ ಮಡಚಿಕೊಳ್ಳುತ್ತೆ. ಗಟ್ಟಿ ಮಾಡಿದ ಸ್ಟೀಲ್ ಇರಲಿ.

ಇನ್ನೊಂದು, ಸ್ಕ್ರೂ ಬಾಗಿದೆ ಅಂದ್ರಿ. ಕತ್ತರಿಸಬೇಕಾದರೆ ಎರಡೂ ಕಡೆ ಗಟ್ಟಿ ಅಂಚು ಬೇಕು. ಹೊರಗಡೆ ಫೈಬರ್‌ಗ್ಲಾಸ್ ಸರಿ. ಒಳಗಡೆ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ಕು, ಅದು ಮೆತ್ತಗೆ. ಸ್ಕ್ರೂ ಅದನ್ನು ಉಳುತ್ತಾ ಹೋಗುತ್ತೆ, ಮುರಿಯಲ್ಲ. ತೂತಿನ ಜಾಗದಲ್ಲಿ ತೆಳು ಹಿತ್ತಾಳೆ ಪಟ್ಟಿ ಕೂರಿಸಿ, ಅದರಲ್ಲೇ ತೂತು ಹಾಕಿ. ಶಿಮ್ ಅಂತ ಕೇಳಿದರೆ ಅಂಗಡಿಯಲ್ಲಿ ಸಿಗುತ್ತೆ. ನಮ್ಮ ಶೆಡ್ ಕಡೆ ಬಂದರೆ ಚೂರು ಸುಮ್ನೆ ಕೊಡ್ತೀನಿ, ದುಡ್ಡೇನೂ ಬೇಡ.

ಹಳೇಗಣಿ_ಕೋಲಾರ:

ನೋಡಮ್ಮ, ನಾನು ಕೆಜಿಎಫ್‌ನಲ್ಲಿ ಬ್ಲಾಸ್ಟಿಂಗ್ ಸೆಕ್ಷನ್‌ನಲ್ಲಿದ್ದವನು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ. ಚಾಂಪಿಯನ್ ರೀಫ್ ಕಡೆ ನೆಲದಡಿ ಮೂರು ಕಿಲೋಮೀಟರ್‌ಗಿಂತ ಆಳ ಹೋಗಿತ್ತು. ಈಗ ತಂಗಿಯ ಮಗ ಇಲ್ಲೊಂದು ಕಾಲೇಜಿನಲ್ಲಿ ನಿಮ್ಮ ಥರದ್ದೇ ರಾಕೆಟ್ ಮಾಡುತ್ತಾನೆ. ಅವನ ಟೆಸ್ಟ್‌ಗಳಿಗೆ ನಾನು ಕುರ್ಚಿ ಹಾಕಿಕೊಂಡು ಕೂರುವುದು, ಬೈಯುವುದು. ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಪಟಾಕಿ ಮಾತು. ನಂದಿತಪ್ಪಲು ಅವರೇ, ನಗೆಯ ಗುರುತು ಹಾಕಿದ್ದೀರಿ, ಓದುವ ಮಕ್ಕಳಿಗೆ ಅದು ಕಾಣಲ್ಲ. ಪಟಾಕಿ ಒಳಗಿರುವುದು ಬ್ಲ್ಯಾಕ್ ಪೌಡರ್ ಅಲ್ಲ. ಸದ್ದಿಗಾಗಿ ಅಲ್ಯೂಮಿನಿಯಂ ಪುಡಿ ಬೆರೆಸಿದ ಮದ್ದು. ಉಜ್ಜಿದರೆ ಸಾಕು, ಕೈಯಲ್ಲೇ ಹೋಗುತ್ತೆ. ಟ್ಯೂಬ್ ತೆರೆಯಲ್ಲ, ಸೀಳುತ್ತೆ. ಇನ್ನು ಬ್ಲ್ಯಾಕ್ ಪೌಡರ್ ಬೇಕು ಅಂದರೂ 1884ರ ಸ್ಫೋಟಕ ಕಾಯ್ದೆ, 2008ರ ನಿಯಮಗಳು ಇವೆ. ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ, ಅಂದರೆ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ, ಇದನ್ನೆಲ್ಲ ನೋಡಿಕೊಳ್ಳುವುದು. ನೀವು ಚಿಕ್ಕಬಳ್ಳಾಪುರದ ಕಡೆಯವರು ಅಂತ ಹೆಸರಿನಲ್ಲೇ ಗೊತ್ತಾಗುತ್ತೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಹೋದರು. ನಿಮಗೆ ನಾನು ಹೇಳಬೇಕಾಗಿಲ್ಲ. ಆ ಮೇಡಂ ಫೈಲ್ ಮುಚ್ಚಿದ್ದು ನೂರಕ್ಕೆ ನೂರು ಸರಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ದೊಡ್ಡ ಕಾರ್ಟ್ರಿಡ್ಜ್ ಬೇಡ. ಯಾಕೆ ಅಂತ ಲೆಕ್ಕದಲ್ಲೇ ನೋಡಿ.

98 ಮಿ.ಮೀ. ವ್ಯಾಸ ಅಂದರೆ ಸುಮಾರು 75 ಚದರ ಸೆಂ.ಮೀ. ಮುಖ. ಕೋಣೆ 42 ಸೆಂ.ಮೀ. ಇದ್ದರೆ ಒಳಗೆ ಹಿಡಿಯುವುದು 3.2 ಲೀಟರ್. 8 ಗ್ರಾಂ ಕಾರ್ಬನ್ ಡೈಆಕ್ಸೈಡ್ ನಮ್ಮ ಹವೆಯಲ್ಲಿ ಹರಡಿಕೊಂಡರೆ ಹತ್ತಿರ ಹತ್ತಿರ 4.4 ಲೀಟರ್ ಆಗುತ್ತೆ. ಅಷ್ಟನ್ನೂ ಆ ಕೋಣೆಗೆ ತುರುಕಿದರೆ ಚದರ ಸೆಂ.ಮೀ.ಗೆ 1.4 ಕಿಲೋ ಒತ್ತಡ ಏರಬೇಕು. 75ರಿಂದ ಗುಣಿಸಿ, 105 ಕಿಲೋ. ಗ್ಯಾಸ್ ಹೊರಗೆ ಬರುವಾಗ ತಣ್ಣಗಾಗುತ್ತೆ, ಅದಕ್ಕೆ ಒಂದಷ್ಟು ಕಳೆಯಿರಿ. ಅರ್ಧಕ್ಕೆ ಇಳಿಸಿದರೂ 50 ಕಿಲೋ ಉಳಿಯಿತು. ಈ ಗಾತ್ರದ ನೈಲಾನ್ ಸ್ಕ್ರೂ ಒಂದೊಂದು ಸುಮಾರು 11ರಿಂದ 16 ಕಿಲೋಗೆ ಕತ್ತರಿಸುತ್ತೆ. ಮೂರಕ್ಕೆ 33ರಿಂದ 48. ಅಂದಮೇಲೆ ನಿಮ್ಮ ಗ್ಯಾಸ್ ಸಾಲದೆ ಹೋಗಿಲ್ಲ. ಸಾಕಷ್ಟಿದೆ. ಅದು ಬೇರೆಲ್ಲೋ ಹೋಗುತ್ತಿದೆ, ಇಲ್ಲ ನಿಧಾನ ಬರುತ್ತಿದೆ.

ನೀವೇ ಬರೆದಿದ್ದೀರಿ, ಬುಸ್ ಅಂತು ಅಂತ. ಉತ್ತರ ಅಲ್ಲೇ ಇದೆ. ಠಪ್ ಅನ್ನಬೇಕಾದದ್ದು ಬುಸ್ ಅಂದರೆ ಎಲ್ಲೋ ದಾರಿ ಸಿಕ್ಕಿದೆ. ಪೌಡರ್ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉರಿದು ಒತ್ತಡ ಏರಿಸಿಬಿಡುತ್ತೆ, ಚಿಕ್ಕ ಸೋರಿಕೆ ಇದ್ದರೂ ಮುಚ್ಚಿಹೋಗುತ್ತೆ. ಕಾರ್ಟ್ರಿಡ್ಜ್ ಗ್ಯಾಸ್ ಅಷ್ಟು ಅವಸರದ್ದಲ್ಲ. ಅದು ತುಂಬುವಷ್ಟರಲ್ಲಿ ಸೋರಿದ್ದು ಸೋರಿಹೋಯಿತು. ಲೇತ್‌ನವರು ಹೇಳಿದ ಪಿನ್ ವಿಷಯ ಕೂಡ ಇದಕ್ಕೇ ಸೇರಿದ್ದು, ಅವರ ಮಾತು ಕೇಳಿ.

ನನ್ನ ಅನುಮಾನ ವೈರ್ ಹೋಗುವ ತೂತಿನ ಮೇಲೆ. ಸರ್ವೊ ಇರುವ ಕಡೆಗೆ, ಅಲ್ಟಿಮೀಟರ್ (ಎತ್ತರ ಅಳೆಯುವ ಸಾಧನ) ಇರುವ ಕಡೆಗೆ ನಡುವಿನ ಪ್ಲೇಟ್‌ನಲ್ಲಿ ತೂತು ಕೊರೆದು ವೈರ್ ತೂರಿಸಿರುತ್ತೀರಿ. ಹುಡುಗರು ಅದನ್ನು ಹಾಗೇ ಬಿಡುತ್ತಾರೆ, ಇಲ್ಲ ಟೇಪ್ ಸುತ್ತುತ್ತಾರೆ. ಪರೀಕ್ಷೆ ಸುಲಭ. ಎಲ್ಲ ಜೋಡಿಸಿ, ಸ್ಕ್ರೂ ಹಾಕಿ, ಮೂತಿಯ ಸಂದಿಗೆ ಟೇಪ್ ಅಂಟಿಸಿ. ಕಾರ್ಟ್ರಿಡ್ಜ್ ಜಾಗದಿಂದ ಸೈಕಲ್ ಪಂಪ್‌ನಲ್ಲಿ ಎರಡು ಮೂರು ಒತ್ತು ಕೊಡಿ, ಜಾಸ್ತಿ ಬೇಡ. ಸೋಪಿನ ನೀರು ಬ್ರಷ್‌ನಲ್ಲಿ ಬಳಿಯಿರಿ. ಗುಳ್ಳೆ ಎದ್ದ ಕಡೆ ಎಂ-ಸೀಲ್ ಇಲ್ಲವೇ ಎಪಾಕ್ಸಿ. ಆ ತೂತಿನಿಂದ ಗ್ಯಾಸ್ ಅಲ್ಟಿಮೀಟರ್ ಕೋಣೆಗೆ ಹೋದರೆ ಬೇರೆ ಅನಾಹುತ ಇದೆ, ಅದನ್ನು ಎಲೆಕ್ಟ್ರಾನಿಕ್ಸ್ ಬಲ್ಲವರು ಹೇಳಲಿ.

ಆಮೇಲೆ ಪ್ಯಾರಾಶೂಟ್ ತುಂಬುವ ರೀತಿ. ಬಟ್ಟೆಯ ಗಂಟನ್ನು ಗ್ಯಾಸ್ ಬರುವ ಬಾಯಿಗೆ ಒತ್ತಿ ಕೂರಿಸಿದರೆ ಅದೇ ಮುಚ್ಚಳ ಆಗುತ್ತೆ. ಕೆಳಗೆ ಹಗ್ಗ ಇರಲಿ, ಹಾವು ಮಲಗಿದಂತೆ ಮಡಚಿ ಅಲ್ಲಲ್ಲಿ ಕಾಗದದ ಟೇಪ್ ಸುತ್ತಿ. ಹಾರುವಾಗ ಟೇಪ್ ಒಂದೊಂದೇ ಹರಿದು ಜರ್ಕ್ ಕಡಿಮೆ ಆಗುತ್ತೆ. ಪ್ಯಾರಾಶೂಟ್ ಮೇಲೆ, ಮೂತಿಯ ಹತ್ತಿರ. ಕಟ್ಟುವುದೂ ಮೂತಿಯ ಕಡೆಗೇ, ಮೂತಿ ಹಾರಿದಾಗ ಅದೇ ಎಳೆದುಕೊಂಡು ಹೋಗಬೇಕು. ತುಂಬಿದ ಮೇಲೆ ಮೂತಿ ಇಲ್ಲದೆ ಟ್ಯೂಬ್ ತಲೆಕೆಳಗು ಮಾಡಿ ಸ್ವಲ್ಪ ಅಲ್ಲಾಡಿಸಿ. ಗಂಟು ತಾನಾಗಿ ಜಾರಿ ಬಿದ್ದರೆ ಸರಿ. ಬೆರಳು ಹಾಕಿ ಎಳೆಯಬೇಕಾದರೆ ಮತ್ತೆ ಮಡಚಿ, ಇಲ್ಲವೇ ಟ್ಯೂಬ್ ಉದ್ದ ಮಾಡಿ. ಗ್ಯಾಸ್ ತಣ್ಣಗಿರುವುದರಿಂದ ಬಟ್ಟೆ ಸುಡುವ ಭಯ ನಿಮಗಿಲ್ಲ. ಪೌಡರ್‌ನವರಿಗೆ ಬೇಕಾಗುವ ಬೆಂಕಿ ತಡೆಯುವ ಹೊದಿಕೆ ನೀವು ತುಂಬಬೇಕಾಗಿಲ್ಲ, ಅಷ್ಟು ಜಾಗ ಉಳಿಯಿತು.

16 ಗ್ರಾಂ ಹಾಕಿದರೆ ಏನಾಗುತ್ತೆ ಅಂದರೆ, ನೆಲದ ಮೇಲೆ ಗೆದ್ದಂತೆ ಕಾಣುತ್ತೆ. ಸೋರುವುದು ಸೋರುತ್ತಲೇ ಇರುತ್ತೆ. ಸೋರದೇ ಇದ್ದ ದಿನ ಮೂತಿ ಇನ್ನೂ ಜೋರಾಗಿ ಹೋಗಿ ಹಗ್ಗದ ತುದಿಗೆ ಜಗ್ಗುತ್ತೆ. ಹಗ್ಗ ಟ್ಯೂಬಿನ ಬಾಯನ್ನು ಉದ್ದಕ್ಕೆ ಸೀಳುತ್ತೆ, ಇಲ್ಲ ಪ್ರಿಂಟ್ ಮಾಡಿದ ಮೂತಿಯ ಕೊಂಡಿ ಕಿತ್ತುಬರುತ್ತೆ. ಹಗ್ಗ ಎಷ್ಟು ಉದ್ದ ಇಟ್ಟಿದ್ದೀರಿ ಬರೆದಿಲ್ಲ. ರಾಕೆಟ್‌ನ ಉದ್ದದ ಮೂರರಿಂದ ಐದು ಪಟ್ಟು ಇರಲಿ.

ಕೊನೆಗೆ ನಿಲ್ಲುವ ಜಾಗ. ಬರೀ ಗ್ಯಾಸ್ ತಾನೇ ಅಂತ ಮೂತಿಯ ಮುಂದೆ ಮೊಬೈಲ್ ಹಿಡಿದು ನಿಲ್ಲುವವರನ್ನು ನೋಡಿದ್ದೇನೆ. 40 ಕಿಲೋ ಬಲ 10 ಸೆಂ.ಮೀ. ತಳ್ಳಿದರೆ ನಿಮ್ಮ 450 ಗ್ರಾಂ ಮೂತಿ ಗಂಟೆಗೆ 45 ಕಿ.ಮೀ. ಮೀರಿದ ವೇಗದಲ್ಲಿ ಬರುತ್ತೆ. ಮುಂದೆಯೂ ನಿಲ್ಲಬೇಡಿ, ಹಿಂದೆಯೂ ನಿಲ್ಲಬೇಡಿ, ಪಕ್ಕದಲ್ಲಿ ದೂರ ನಿಲ್ಲಿ. ಗಣಿಯಲ್ಲಿ ಎಕ್ಸ್‌ಪ್ಲೋಡರ್‌ನ (ಮದ್ದು ಸಿಡಿಸೋಕೆ ಕರೆಂಟ್ ಕೊಡುವ ಪೆಟ್ಟಿಗೆ) ಹ್ಯಾಂಡಲ್ ಮದ್ದು ಸಿಡಿಸುವ ಬ್ಲಾಸ್ಟರ್ ಹತ್ತಿರವೇ ಇರಬೇಕು ಅಂತ ಕಟ್ಟುನಿಟ್ಟು ಇತ್ತು. ನಿಮ್ಮಲ್ಲೂ ಹಾಗೇ ಮಾಡಿ. ಸ್ವಿಚ್ಚಿನ ಕೀಲಿ ಯಾರು ರಾಕೆಟ್ ಹತ್ತಿರ ಹೋಗುತ್ತಾರೋ ಅವರ ಜೇಬಿನಲ್ಲಿ. ಹೊಡೆಯದೇ ಹೋದರೆ ಓಡಿಹೋಗಿ ಬಗ್ಗಿ ನೋಡುವುದು ಬೇಡ. ಸ್ಪ್ರಿಂಗ್ ಅರ್ಧ ಬಿಟ್ಟುಕೊಂಡು ಕೂತಿರಬಹುದು. ಕಾಯಿರಿ, ಬ್ಯಾಟರಿ ತೆಗೆಯಿರಿ, ಪಕ್ಕದಿಂದ ಹೋಗಿ.

ಶಿಡ್ಲಘಟ್ಟ_ಸೋಲ್ಡರ್:

ಹಳೇಗಣಿ ಸರ್ ಬಿಟ್ಟಿದ್ದನ್ನು ನಾನು ಹೇಳುತ್ತೇನೆ.

ಅಲ್ಟಿಮೀಟರ್ ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ. ಮೇಲೆ ಹೋದಂತೆ ಒತ್ತಡ ಇಳಿಯುತ್ತೆ, ಅದು ಮತ್ತೆ ಏರೋಕೆ ಶುರುವಾದರೆ ತುದಿ ಮುಟ್ಟಿ ಕೆಳಗಿಳಿಯುತ್ತಿದ್ದೇವೆ ಅಂತ ಅರ್ಥ. ಕಾರ್ಟ್ರಿಡ್ಜ್ ಗ್ಯಾಸ್ ಆ ಕೋಣೆಗೆ ನುಗ್ಗಿದರೆ ಒತ್ತಡ ದಿಢೀರ್ ಏರಿ, ರಾಕೆಟ್ ನೆಲದ ಕೆಳಗೆ ಹೋಗಿದೆ ಅಂತ ಅದು ತಿಳಿಯುತ್ತೆ. ಎರಡು ಹಂತದಲ್ಲಿ ಪ್ಯಾರಾಶೂಟ್ ಬಿಡುವವರಿಗೆ ಇದು ದೊಡ್ಡ ಗಂಡಾಂತರ: 200 ಮೀಟರ್‌ನಲ್ಲಿ ಬಿಚ್ಚಬೇಕಾದದ್ದು ತುದಿಯಲ್ಲೇ ಬಿಚ್ಚಿ, ರಾಕೆಟ್ ಗಾಳಿ ಹೋದ ಕಡೆ ಹೋಗುತ್ತೆ.

ನನ್ನ ಮುಖ್ಯ ಪ್ರಶ್ನೆ ಬೇರೆ. ಟೆಸ್ಟ್‌ನಲ್ಲಿ ಸರ್ವೊಗೆ ಕರೆಂಟ್ ಎಲ್ಲಿಂದ ಕೊಟ್ಟಿರಿ? ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದ, ಇಲ್ಲ ಲ್ಯಾಬ್ ಸಪ್ಲೈಯಿಂದ ಕೊಟ್ಟಿದ್ದರೆ ಅರ್ಧ ಟೆಸ್ಟ್ ಆಗಿಲ್ಲ. ಬಿಗಿ ಸ್ಪ್ರಿಂಗ್ ಹಿಡಿದಿರುವ ಕೊಕ್ಕೆ ಎಳೆಯುವಾಗ ಸರ್ವೊ ಬಹಳ ಕರೆಂಟ್ ಎಳೆಯುತ್ತೆ. ಅದೇ ಬ್ಯಾಟರಿಯಲ್ಲಿ ಇಎಸ್‌ಪಿ32 (ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಇದ್ದರೆ ವೋಲ್ಟೇಜ್ ಕುಸಿದು ರೀಸೆಟ್ ಆಗುತ್ತೆ. ತಿರುಗಿ ಎದ್ದಾಗ ಅದಕ್ಕೆ ತಾನು ನೆಲದ ಮೇಲಿದ್ದೇನೆ ಅನ್ನಿಸುತ್ತೆ, ಸರ್ವೊ ವಾಪಸ್ ಮೊದಲಿನ ಜಾಗಕ್ಕೆ ಹೋಗುತ್ತೆ. ಸರ್ವೊಗೆ ಬೇರೆ ಬ್ಯಾಟರಿ ಕೊಡಿ, ಗ್ರೌಂಡ್ ಮಾತ್ರ ಒಂದು ಮಾಡಿ.

ಕೋಡ್ ಪರೀಕ್ಷಿಸೋಕೆ ಅಮ್ಮನ ಉಪ್ಪಿನಕಾಯಿ ಜಾಡಿ ಸಾಕು. ಮುಚ್ಚಳಕ್ಕೆ ಪೈಪ್ ಅಂಟಿಸಿ, ಅಲ್ಟಿಮೀಟರ್ ಒಳಗಿಟ್ಟು, ದೊಡ್ಡ ಸಿರಿಂಜ್‌ನಲ್ಲಿ ನಿಧಾನಕ್ಕೆ ಗಾಳಿ ಎಳೆಯಿರಿ, ಆಮೇಲೆ ಬಿಡಿ. ಬಿಡಲು ಶುರು ಮಾಡಿದ ಕೂಡಲೇ ಸರ್ವೊ ಸಿಗ್ನಲ್ ಬರಬೇಕು. ಗ್ರೌಂಡ್ ಟೆಸ್ಟ್ ಕೂಡ ಇದೇ ಬೋರ್ಡ್, ಇದೇ ಬ್ಯಾಟರಿಯಿಂದಲೇ ಆಗಲಿ.

ಕ್ಯಾತ್ಸಂದ್ರ_ಮೆಕ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಕಾರ್ಟ್ರಿಡ್ಜ್ ಮುಟ್ಟಲಿಲ್ಲ, ಅಳೆಯೋದಷ್ಟೇ ಮಾಡಿದೆವು.

ನಮ್ಮ ಟೀಮ್‌ನ ತಿಪಟೂರು ಹುಡುಗ ಮನೆಯಿಂದ ಕೊಬ್ಬರಿ ಮೂಟೆ ತೂಗುವ ಡಿಜಿಟಲ್ ತೂಕದ ಕೊಕ್ಕೆ ತಂದಿದ್ದ. ನೋಸ್ ಕೋನ್‌ಗೆ ಹಗ್ಗ ಕಟ್ಟಿ ಅದರಲ್ಲಿ ಎಳೆದೆವು. ಸ್ಕ್ರೂ ಇಲ್ಲದೆ ಬರೀ ಉಜ್ಜಾಟಕ್ಕೇ 9 ಕಿಲೋ. ಮೂರು ಸ್ಕ್ರೂ ಹಾಕಿದರೆ 61 ಕಿಲೋ! ಸ್ಕ್ರೂ ಬಾಗಿ ಪ್ಲಾಸ್ಟಿಕ್ ಗೀರಿಕೊಂಡು ಬರುತ್ತೆ, ಲೇತ್ ಅಣ್ಣ ಹೇಳಿದ ಹಾಗೇ. ಪಿನ್ ಕೂಡ ತೂತಿನಲ್ಲೇ ಸಿಕ್ಕಿಕೊಂಡಿರುತ್ತೆ. ಹಳೇ ಕಾರ್ಟ್ರಿಡ್ಜ್‌ಗಳ ಬಾಯಿ ನೋಡಿದರೆ ಸೂಜಿ ಗಾತ್ರದ ಸಂದಿ ಅಷ್ಟೇ ಇದೆ. ಸೋಪಿನ ನೀರಿಗೆ ವೈರ್ ತೂತಿನಲ್ಲಿ ಗುಳ್ಳೆ ಬಂತು. ಸರ್ವೊ ಲ್ಯಾಪ್‌ಟಾಪ್‌ನಿಂದಲೇ ಓಡಿಸುತ್ತಿದ್ದೆವು 🙈

ಒಂದು ಸಂದೇಹ. ಮೂರು ಸ್ಕ್ರೂ ಬದಲು ಎರಡು ಹಾಕಬಹುದಾ? ಮೇಲೆ ಹೋಗುವಾಗಲೇ ಕಳಚಿಕೊಂಡರೆ ಅಂತ ಭಯ.

ಶಿಡ್ಲಘಟ್ಟ_ಸೋಲ್ಡರ್:

ಎರಡು ಸಾಕು ಅನ್ನಿಸುತ್ತೆ, ಎದುರು ಬದುರು ಹಾಕಿ. ಲೆಕ್ಕ ನೋಡಿ: ಮೋಟಾರ್ ಆರಿದ ಮೇಲೆ ಗಾಳಿ ರಾಕೆಟ್‌ನ ಮೈಯನ್ನು ಹಿಂದಕ್ಕೆ ಎಳೆಯುತ್ತೆ, ನೋಸ್ ಕೋನ್ ತನ್ನ ವೇಗದಲ್ಲಿ ಮುಂದೆ ಹೋಗೋಕೆ ನೋಡುತ್ತೆ. ಆರು ಜಿ (ತೂಕದ ಆರು ಪಟ್ಟು ಬಲ) ಅಂತ ಹಿಡಿದರೂ 450 ಗ್ರಾಂಗೆ ಮೂರು ಕಿಲೋ ಒಳಗೇ. ಇನ್ನೊಂದು ಒತ್ತಡ ಎಲ್ಲರೂ ಮರೆಯುವುದು. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮುಚ್ಚಿದ ಟ್ಯೂಬ್ ಒಂದು ಕಿ.ಮೀ. ಮೇಲೆ ಹೋದರೆ ಹೊರಗಿನ ಗಾಳಿ ಚದರ ಸೆಂ.ಮೀ.ಗೆ 0.1 ಕಿಲೋದಷ್ಟು ಕಡಿಮೆ ಆಗುತ್ತೆ. ಒಳಗಿರುವ ಗಾಳಿ ನೋಸ್ ಕೋನನ್ನು 8 ಕಿಲೋ ಬಲದಲ್ಲಿ ತಳ್ಳುತ್ತೆ. ಸಮುದ್ರದ ಹತ್ತಿರ ಹಾರಿಸಿದರೆ ಇನ್ನೂ ಒಂಚೂರು ಜಾಸ್ತಿ. ಪ್ಯಾರಾಶೂಟ್ ಕೋಣೆಗೆ 3 ಮಿ.ಮೀ. ತೂತು ಒಂದು ಹಾಕಿ, ಅದು ಇಳಿದುಹೋಗುತ್ತೆ. ಟೆಸ್ಟ್ ಮಾಡುವಾಗಲೂ ಆ ತೂತು ತೆರೆದೇ ಇರಲಿ.

ಹಳೇಗಣಿ_ಕೋಲಾರ:

61 ಕಿಲೋ ನೋಡಿ ನಗು ಬಂತು. ನಿಮ್ಮ ಗ್ಯಾಸ್ ಪಾಪ ಏನು ಮಾಡಬೇಕು!

ಎರಡು ಸ್ಕ್ರೂ ಒಪ್ಪುತ್ತೇನೆ, ಆದರೆ ಹಿತ್ತಾಳೆ ಪಟ್ಟಿ ಹಾಕಿದ ಮೇಲೆ ಮತ್ತೆ ಅದೇ ಕೊಕ್ಕೆಯಲ್ಲಿ ಎಳೆದು ನೋಡಿ. 35ರ ಆಸುಪಾಸು ಬಂದರೆ ನನಗೆ ಸಮಾಧಾನ. ಉಜ್ಜಾಟದ 9 ಕಿಲೋ ಕೂಡ ಇಳಿಸಿ. ಪ್ರಿಂಟಿನ ಗೆರೆಗಳನ್ನು ಸ್ಯಾಂಡ್ ಪೇಪರ್‌ನಲ್ಲಿ ತಿಕ್ಕಿ, ಮೇಣದಬತ್ತಿ ಒಂದು ಸಲ ಸವರಿ. ಸ್ಕ್ರೂ ಇಲ್ಲದೆ ಮೂತಿ ಹಿಡಿದು ರಾಕೆಟ್ ಎತ್ತಿದರೆ ಜಾರಬಾರದು, ಜೋರಾಗಿ ಕುಲುಕಿದರೆ ಜಾರಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಪುಸ್ತಕದವರು ಹೇಳುತ್ತಾರೆ. ಕಾರ್ಟ್ರಿಡ್ಜ್ ದುಡ್ಡು ನಿಮ್ಮದು, ಅಷ್ಟು ಸಾಲುಸಾಲಾಗಿ ಖರ್ಚು ಮಾಡಬೇಕಾಗಿಲ್ಲ. ಪಿನ್ನು, ಪಟ್ಟಿ, ಸೋರಿಕೆ ಮೂರೂ ಒಟ್ಟಿಗೆ ಸರಿ ಮಾಡಿ. ಯಾವುದು ಮುಖ್ಯ ಕಾರಣ ಅಂತ ಪತ್ತೆ ಮಾಡಿ ನಿಮಗೇನು ಆಗಬೇಕು? ಸರಿ ಆದ ಮೇಲೆ ಮಾತ್ರ ಏನನ್ನೂ ಮುಟ್ಟದೆ ಅದೇ ರೀತಿ ಮತ್ತೆ ಮತ್ತೆ ಮಾಡಿ. ಪ್ರತಿ ಸಲ ಬೇರೆ ಬೇರೆಯವರು ಪ್ಯಾರಾಶೂಟ್ ಮಡಚಲಿ. ಸ್ಪರ್ಧೆ ದಿನ ಮಡಚುವ ಹುಡುಗಿಗೆ ಜ್ವರ ಬರಬಹುದು.

ಹವೆಯನ್ನೂ ನೋಡಿಕೊಳ್ಳಿ. ಬೆಳಗಿನ ಚಳಿಯಲ್ಲಿ ಕಾರ್ಟ್ರಿಡ್ಜ್ ಒಳಗಿನ ಒತ್ತಡ ಕಡಿಮೆ ಇರುತ್ತೆ. 10 ಡಿಗ್ರಿಯಲ್ಲಿ ಸುಮಾರು 45 ಬಾರ್, 25 ಡಿಗ್ರಿಯಲ್ಲಿ 64. ಒಂದು ಸಲ ಕಾರ್ಟ್ರಿಡ್ಜನ್ನು ಫ್ರಿಜ್‌ನಲ್ಲಿಟ್ಟು ತೆಗೆದು ಟೆಸ್ಟ್ ಮಾಡಿ. ಬಿಸಿಲಿಗೆ ಮಾತ್ರ ಇಡಬೇಡಿ, ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ. ರಾಕೆಟ್ ಮಲಗಿಸಿ ಒಮ್ಮೆ, ಮೂತಿ ಕೆಳಗೆ ಮಾಡಿ ಒಮ್ಮೆ ಮಾಡಿ ನೋಡಿ. ಒಳಗೆ ದ್ರವ ಇರುತ್ತಲ್ಲ, ಬಾಯಿ ಯಾವ ಕಡೆಗಿದೆ ಅನ್ನುವುದರ ಮೇಲೆ ಅದು ಗ್ಯಾಸಾಗಿ ಬರುತ್ತೋ, ಮಂಜಿನ ಚೂರಾಗಿ ಉಗುಳುತ್ತೋ ಬದಲಾಗುತ್ತೆ. ತುದಿಯಲ್ಲಿ ರಾಕೆಟ್ ಹೇಗೆ ತಿರುಗಿರುತ್ತೆ ಅಂತ ಯಾರೂ ಹೇಳಲಾರರು.

ಕ್ಯಾತ್ಸಂದ್ರ_ಮೆಕ್:

ಸರಿ ಸರ್. ಲೇತ್ ಅಣ್ಣ, ನಾಳೆ ಮಧ್ಯಾಹ್ನ ಮೇಲೆ ನಿಮ್ಮ ಶೆಡ್‌ಗೆ ಇಬ್ಬರು ಬರ್ತೀವಿ, ಪಿನ್ ಡ್ರಾಯಿಂಗ್ ತರ್ತೀವಿ. ಹಗ್ಗ ಈಗ ರಾಕೆಟ್‌ನ ಎರಡು ಪಟ್ಟು ಮಾತ್ರ ಇದೆ, ಅದನ್ನೂ ಬದಲಿಸ್ತೀವಿ. ಸ್ಯಾಂಡ್ ಪೇಪರ್ ಕೆಲಸ ಇವತ್ತೇ ಹಾಸ್ಟೆಲ್‌ನಲ್ಲಿ ಶುರು.

ಅಂತರಸನಹಳ್ಳಿ_ಲೇತ್:

ಮೂರು ಗಂಟೆ ಮೇಲೆ ಬನ್ನಿ, ಅದಕ್ಕೆ ಮುಂಚೆ ಕರೆಂಟ್ ಇರಲ್ಲ. ಒಂದು ಖಾಲಿ ಕಾರ್ಟ್ರಿಡ್ಜ್ ತನ್ನಿ, ಬಾಯಿಯ ಅಳತೆ ಬೇಕು. ತುಂಬಿದ್ದು ತರಬೇಡಿ.